ಗುಡ್ಡದ ಹಂಗಿನ ಮನೆ: ಸಾಗರ ಕಡೆಯ ಒಂದು ಪ್ರಕರಣ

ಇದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿಗೆ ತೀರಾ ದೂರವಲ್ಲದ ಊರಿನ ಒಂದು ಮನೆಯ ವಿಷಯ. ಊರಿನ ಹೆಸರು, ಮನೆಯವರ ಹೆಸರು ಬರೆಯುವುದಿಲ್ಲ. ಇಂಥ ಮನೆ ಮಲೆನಾಡಿನ ಯಾವ ಊರಿಗೆ ಹೋದರೂ ಸಿಗುತ್ತದೆ. ಹಿಂದೆ ಜೆಸಿಬಿ ಗುಡ್ಡ ಕಡಿದು ನಿಲ್ಲಿಸಿದ ಮಣ್ಣಿನ ದರೆ, ಮುಂದೆ ಸಿಮೆಂಟ್ ಅಂಗಳ, ನಡುವೆ ಆರ್‌ಸಿಸಿ ಮನೆ, ಆ ಆರ್‌ಸಿಸಿ ಸೋರುತ್ತದೆ ಅಂತ ಅದರ ಮೇಲೆ ಮತ್ತೆ ತಗಡಿನ ಶೀಟು. ಪಕ್ಕದಲ್ಲಿ ಅರ್ಧ ಬಿದ್ದ ಹಳೇ ಮಣ್ಣಿನ ಮನೆ.

ಮನೆಯಲ್ಲಿ ಅಜ್ಜಿ, ಅವರ ದೊಡ್ಡ ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮೊಮ್ಮಕ್ಕಳು ಇದ್ದಾರೆ. ಚಿಕ್ಕ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಸ್ವಲ್ಪ ಅಡಿಕೆ ತೋಟ, ಸ್ವಲ್ಪ ಗದ್ದೆ, ಮನೆ ಹಿಂದೆ ಸ್ವಂತದ ಬ್ಯಾಣ, ಅಂದರೆ ಹುಲ್ಲು, ಸೊಪ್ಪಿಗೆ ಅಂತ ಬಿಟ್ಟ ಗುಡ್ಡದ ಜಾಗ. ಇವರು ಮುಳುಗಡೆ ಕುಟುಂಬದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮೊದಲಿನ ಮನೆ, ಗದ್ದೆ ಎಲ್ಲ ನೀರಿನಡಿ ಹೋಯಿತು. ಆಗ ಅಜ್ಜಿ ಇನ್ನೂ ಹುಡುಗಿ. ಇಲ್ಲಿಗೆ ಬಂದ ಮೇಲೆ ಹಿರಿಯರು ಇದೇ ಜಾಗದ ಮಣ್ಣು ತೆಗೆದು, ತುಳಿದು, ಹಳೇ ಮನೆ ಕಟ್ಟಿದರು. ಇವರಿಗೆ ಹಕ್ಕುಪತ್ರ ಸಿಕ್ಕಿದೆ. ಇದೇ ಮುಳುಗಡೆಯ ಎಷ್ಟೋ ಕುಟುಂಬಗಳು ಈಗಲೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ.

ನಾನು ಮಣ್ಣು, ಸುಣ್ಣ, ಜಂಬಿಟ್ಟಿಗೆಯ ಕಟ್ಟಡದ ಕೆಲಸ ಮಾಡುವ ಇಂಜಿನಿಯರ್. ನನ್ನನ್ನು ಕರೆಸಿದಾಗ ಪ್ರಕೃತಿ, ಪರಿಸರ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ದೂರು ಸೀದಾ ಇತ್ತು. ಏಪ್ರಿಲ್‌ನಲ್ಲಿ ತಾರಸಿ ಕಾದು ರಾತ್ರಿ ಮಲಗಲು ಆಗುವುದಿಲ್ಲ. ಜುಲೈನಲ್ಲಿ ಗೋಡೆ ತುಂಬಾ ಬೂಷ್ಟು, ಬಟ್ಟೆ ಒಣಗುವುದಿಲ್ಲ. ಬಾವಿಯ ತಳ ಮಾರ್ಚ್ ಕೊನೆಗೇ ಕಾಣುತ್ತದೆ. ಇದಕ್ಕೆಲ್ಲ ಅವರೇ ಪರಿಹಾರವನ್ನೂ ಯೋಚಿಸಿ ಇಟ್ಟಿದ್ದರು: ಎಸಿ, ವಾಟರ್‌ಪ್ರೂಫ್ ಪೇಂಟು, ಬೋರ್‌ವೆಲ್. ಯಾವುದನ್ನು ಮೊದಲು ಮಾಡಿಸಬೇಕು ಅನ್ನುವುದಷ್ಟೇ ಪ್ರಶ್ನೆ. ಚಹಾ ಕುಡಿದು ಏಳುವ ಹೊತ್ತಿಗೆ ಸೊಸೆ ಇನ್ನೊಂದು ಮಾತು ಸೇರಿಸಿದರು. "ಮಕ್ಕಳು ಮನೆ ಬಿಟ್ಟು ಹೊರಗೇ ಹೋಗಲ್ಲ ಇಂಜಿನಿಯರ್ರೇ. ಇಷ್ಟು ದೊಡ್ಡ ಗುಡ್ಡ ಹಿಂದೆ ಇದೆ, ಒಂದು ಗಿಡದ ಹೆಸರು ಗೊತ್ತಿಲ್ಲ."

ಈ ನಾಲ್ಕೂ ಬೇರೆಬೇರೆ ತೊಂದರೆ ಅಲ್ಲ, ಒಂದೇ ತೊಂದರೆಯ ನಾಲ್ಕು ಮುಖ ಅಂತ ನನಗೆ ಅನಿಸಿತು. ಹಳೇ ಮನೆಗೆ ಪ್ರತಿ ವರ್ಷ ಗುಡ್ಡದಿಂದ ಏನಾದರೂ ಬೇಕಿತ್ತು. ಕೆಮ್ಮಣ್ಣು, ಮರ, ಸೊಪ್ಪು, ದರಲೆ ಅನ್ನುವ ಒಣ ಎಲೆ, ಕಟ್ಟುವ ಬಳ್ಳಿ. ಬೇಕಿದ್ದರಿಂದ ಹೋಗುತ್ತಿದ್ದರು. ಹೋಗುತ್ತಿದ್ದರಿಂದ ಗುಡ್ಡದಲ್ಲಿ ಏನಾಗುತ್ತಿದೆ ಅಂತ ಗೊತ್ತಿರುತ್ತಿತ್ತು, ಎಲ್ಲಿ ಮರ ಬಿತ್ತು, ಎಲ್ಲಿ ನೀರು ಹೊಸ ದಾರಿ ಹಿಡಿಯಿತು ಅಂತ. ಹೊಸ ಮನೆಗೆ ಗುಡ್ಡದಿಂದ ಏನೂ ಬೇಡ, ಎಲ್ಲ ಲಾರಿಯಲ್ಲಿ ಬಂತು. ಹಂಗು ತಪ್ಪಿತು. ಬ್ಯಾಣಕ್ಕೆ ಹೋಗುವವರಿಲ್ಲದೆ ಅಲ್ಲಿ ಅಕೇಶಿಯಾ ತಾನಾಗಿ ಹುಟ್ಟಿ ತುಂಬಿಕೊಂಡಿತು. ಭದ್ರಾವತಿಯ ಕಾಗದದ ಕಾರ್ಖಾನೆಗೆ ಅಂತ ನಮ್ಮ ಕಡೆ ಎಷ್ಟು ಅಕೇಶಿಯಾ ನೆಟ್ಟಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತು. ಅದರ ಬೀಜಕ್ಕೆ ಬೇಲಿ ಲೆಕ್ಕವಿಲ್ಲ.

ರೀಜನರೇಟಿವ್ ಆರ್ಕಿಟೆಕ್ಚರ್ ಅನ್ನುವ ಮಾತು ಈಗ ಜಾಸ್ತಿ ಕೇಳಿಸುತ್ತಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾಠ ಮಾಡುತ್ತಿದ್ದ ಜಾನ್ ಲೈಲ್ 1990ರ ದಶಕದಲ್ಲಿ ಇದನ್ನು ವಿವರವಾಗಿ ಹೇಳಿದವರಲ್ಲಿ ಮುಖ್ಯರು. ಕಟ್ಟಡದಿಂದ ಹಾನಿ ಕಡಿಮೆ ಆದರೆ ಸಾಲದು, ಕಟ್ಟಿದ ಮೇಲೆ ಆ ಜಾಗದ ನೀರು, ಮಣ್ಣು, ಜೀವ ಮುಂಚಿಗಿಂತ ಚೆನ್ನಾಗಬೇಕು ಅನ್ನುವುದು ಅದರ ತಿರುಳು. ಒಪ್ಪುತ್ತೇನೆ. ಆದರೆ ಇದರ ಹೆಸರಲ್ಲಿ ಈಗ ನಡೆಯುತ್ತಿರುವುದರಲ್ಲಿ ಬಹಳಷ್ಟು ಬರೀ ನೋಟದ ಕೆಲಸ. ದೊಡ್ಡ ಗಾಜಿನ ಕಿಟಕಿ, ಗೋಡೆ ಮೇಲೆ ಗಿಡ, ಟೆರೇಸಿನಲ್ಲಿ ಹುಲ್ಲು. ನೋಟಕ್ಕೂ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. 1984ರಲ್ಲಿ ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನ ಎಲ್ಲರೂ ಹೇಳುವಂಥದ್ದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ನೋಡಿದರು. ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವಿನ ಮಾತ್ರೆಯೂ ಅವರಿಗೆ ಕಡಿಮೆ ಸಾಕಾಯಿತು. ಪಟ್ಟಣದ ಆಸ್ಪತ್ರೆಗೆ ಅದು ದೊಡ್ಡ ಪಾಠ. ಸಾಗರದ ಈ ಮನೆಯಲ್ಲಿ ಮಾತ್ರ ನಾಲ್ಕೂ ಕಿಟಕಿಯಲ್ಲಿ ಹಸಿರು ಕಾಣುತ್ತಿತ್ತು. ಕಂಡರೂ ಏನೂ ಆಗಿರಲಿಲ್ಲ.

ಹೊರಗೆ ಹೋಗದಿರಲು ಕಾರಣ

ಮಕ್ಕಳು ಹೊರಗೆ ಹೋಗದ್ದಕ್ಕೆ ಮೊಬೈಲು ಕಾರಣ ಅಂತ ಅವರ ಅಪ್ಪ ಹೇಳಿದರು. ಅಜ್ಜಿಯನ್ನು ಕೇಳಿದಾಗ ಬೇರೆ ಉತ್ತರ ಬಂತು. "ಉಣುಗು" ಅಂದರು, ಅಷ್ಟೇ. ಉಣುಗು ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳ.

ಇದನ್ನು ಬಿಟ್ಟು ಸಾಗರದಲ್ಲಿ ಪ್ರಕೃತಿಯ ಮಾತಾಡುವುದು ಸರಿಯಲ್ಲ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು ಇದೇ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಜಗತ್ತೆಲ್ಲ ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಅಂತ ಕರೆಯುವುದು. ವೈರಸ್ ಇರುವ ಉಣುಗು ಕಚ್ಚಿದರೆ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹೋದ ಜೀವಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ದರಲೆ ಗುಡಿಸಿ ತರುವ ಕಾಲವೂ ಅದೇ, ಮಕ್ಕಳಿಗೆ ಬೇಸಿಗೆ ರಜೆಯೂ ಅದರಲ್ಲೇ ಬರುತ್ತದೆ. ಆ ವರ್ಷದಿಂದ ಸೊಸೆ ಮಕ್ಕಳನ್ನು ಬ್ಯಾಣಕ್ಕೆ ಕಳಿಸಿರಲಿಲ್ಲ. ಅವರು ಮಾಡಿದ್ದು ಸರಿಯೇ.

ಹಾಗಾಗಿ ಜನರನ್ನು ಕಾಡಿನ ಹತ್ತಿರ ತರುವ ಮನೆ ಕಟ್ಟುತ್ತೇನೆ ಅನ್ನುವವರು ಮೊದಲು ಕಾಡಿಗೂ ಮನೆಗೂ ನಡುವೆ ಏನಿರಬೇಕು ಅಂತ ಯೋಚಿಸಬೇಕು. ಹಳೇ ಮನೆಗಳಲ್ಲಿ ಅದಕ್ಕೊಂದು ಕ್ರಮ ಇತ್ತು. ಗುಡಿಸಿ ಸಾರಿಸಿದ ಅಂಗಳ, ಅದರಾಚೆ ಹಿತ್ತಿಲು, ಅದರಾಚೆ ಬ್ಯಾಣ, ಆಮೇಲೆ ಕಾನು, ಅಂದರೆ ದಟ್ಟ ಕಾಡು. ಒಂದೊಂದು ಹಂತದಲ್ಲೂ ಮನುಷ್ಯರ ಓಡಾಟ ಕಡಿಮೆಯಾಗುತ್ತ ಹೋಗುತ್ತದೆ. ಕಾಡು ಜಗಲಿಗೇ ತಾಗಿದ ಹಾಗೆ ಇರಬೇಕು ಅನ್ನುವ ಆಸೆ ರೆಸಾರ್ಟ್ ಚಿತ್ರಗಳಿಂದ ಬಂದದ್ದು, ಮಲೆನಾಡಿನಲ್ಲಿ ಬದುಕಿದವರದ್ದಲ್ಲ.

ನಾವು ಆ ಕ್ರಮವನ್ನೇ ಮತ್ತೆ ತಂದೆವು. ಮನೆಯ ಸುತ್ತ ಬಿಸಿಲು ಬೀಳುವ, ಒಣ ಎಲೆ ನಿಲ್ಲದ ಅಂಗಳ. ಅದರಾಚೆ ಗಿಡ್ಡ ಹುಲ್ಲಿನ ಪಟ್ಟಿ, ಅದನ್ನು ಆಗಾಗ ಕೊಯ್ಯುತ್ತಾರೆ. ದೊಡ್ಡ ಉಣುಗು ದನದ ಮೈಮೇಲೆ ಬರುವುದರಿಂದ ಕೊಟ್ಟಿಗೆಗೆ ಹೋಗುವ ದಾರಿಯನ್ನು ಅಂಗಳದಿಂದ ತಪ್ಪಿಸಿ ಮನೆಯ ಆಚೆ ಬದಿಗೆ ತಿರುಗಿಸಿದೆವು. ದರಲೆ ರಾಶಿ ಮನೆಗೆ ಒತ್ತಿಕೊಂಡಿತ್ತು, ಅದನ್ನು ತೋಟದ ಅಂಚಿಗೆ ಹಾಕಿದೆವು. ಬ್ಯಾಣಕ್ಕೆ ಒಂದೇ ಕಾಲುದಾರಿ, ಅಗಲವಾಗಿ, ಎರಡೂ ಬದಿ ಸವರಿದ್ದು. ಕಾಯಿಲೆಯ ಕಾಲದಲ್ಲಿ ಹೋಗುವವರು ದೊಡ್ಡವರು ಮಾತ್ರ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗುತ್ತಾರೆ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡುತ್ತಾರೆ. ಅದಕ್ಕಾಗಿ ಬಚ್ಚಲಿಗೆ ಹೊರಗಿನಿಂದಲೇ ಒಂದು ಬಾಗಿಲು ಇಟ್ಟೆವು. ಹಳೇ ಮನೆಯಲ್ಲೂ ಬಚ್ಚಲಿಗೆ ಹೊರಬಾಗಿಲು ಇತ್ತು ಅಂತ ಅಜ್ಜಿ ಆಮೇಲೆ ತೋರಿಸಿದರು.

ಮಕ್ಕಳಿಗೆ ಜೂನ್‌ನಿಂದ ನವೆಂಬರ್‌ವರೆಗೆ ಬ್ಯಾಣ, ಆಮೇಲೆ ಅಂಗಳ, ಹಿತ್ತಿಲು, ಗದ್ದೆ. ಇದು ಸಾಕಾ ಅಂತ ಕೆಲವರು ಕೇಳುತ್ತಾರೆ. ಏನೂ ಇಲ್ಲದ ಕಡೆ ಇಷ್ಟು ಬಂದಿದೆ.

ಮೊದಲು ನೀರು

ಮನೆಯ ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಮಳೆಗಾಲ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ನೋಡಿದೆವು. ಬ್ಯಾಣದಿಂದ ಇಳಿದ ನೀರು ಕಡಿದ ದರೆಯ ಮೇಲಿನಿಂದ ಧುಮುಕಿ, ಮನೆಯ ಹಿಂದಿನ ಗೋಡೆಯ ಬುಡ ನೆನೆಸಿ, ಸಿಮೆಂಟ್ ಅಂಗಳದ ಮೇಲೆ ಹರಿದು ರಸ್ತೆಗೆ ಹೋಗುತ್ತಿತ್ತು. ಬಾವಿ ಪಕ್ಕದಲ್ಲೇ ಇದೆ, ಅದಕ್ಕೆ ಒಂದು ಹನಿ ಇಂಗುತ್ತಿರಲಿಲ್ಲ. ನೂರು ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 2,000 ಮಿಲಿಮೀಟರ್ ಮಳೆ ಬಿದ್ದರೆ 2 ಲಕ್ಷ ಲೀಟರ್ ನೀರಾಗುತ್ತದೆ. ಆಗುಂಬೆಯಲ್ಲಿ ಇದರ ಮೂರು ಪಟ್ಟಿಗಿಂತ ಜಾಸ್ತಿ ಬೀಳುತ್ತದೆ. ಇಷ್ಟು ಮಳೆ ಕಂಡ ಊರಿನಲ್ಲಿ ಏಪ್ರಿಲ್‌ಗೆ ಟ್ಯಾಂಕರ್ ಕಾಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಂತ ಸಿಕ್ಕಲ್ಲೆಲ್ಲ ಇಂಗುಗುಂಡಿ ತೋಡಬಾರದು. ಇಲ್ಲಿ ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ, ಅದರ ಕೆಳಗೆ ಶೇಡಿ ಮಣ್ಣು. ಲಕ್ಷಾಂತರ ವರ್ಷದ ಮಳೆ ಕಲ್ಲಿನೊಳಗಿನ ಬೇರೆ ಅಂಶಗಳನ್ನು ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದಾಗ ಜಂಬಿಟ್ಟಿಗೆ ಆಗುತ್ತದೆ. ನೆಲದೊಳಗೆ ಮೆದು, ಕಡಿದು ಗಾಳಿಗೆ ಇಟ್ಟರೆ ಗಟ್ಟಿ. ಶೇಡಿ ಹಾಗಲ್ಲ. ಅದು ಬಿಸಿಲಲ್ಲಿ ಗಟ್ಟಿ ಇದ್ದ ಹಾಗೆ ಕಂಡರೂ ನೀರು ಕುಡಿದರೆ ಸಾಬೂನಿನ ಹಾಗೆ ಕರಗಿ ಜಾರುತ್ತದೆ. ಜೆಸಿಬಿಯಲ್ಲಿ ದರೆ ನೆಟ್ಟಗೆ ಕಡಿದಾಗ ಆ ಶೇಡಿ ಬಯಲಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಮನೆಗೆ, ರಸ್ತೆಗೆ ಅಂತ ಇಳಿಜಾರು ಕಡಿದದ್ದು ಒಂದು ದೊಡ್ಡ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ದರು. ಕಡಿದ ದರೆಯ ನೆತ್ತಿಯ ಮೇಲೆ ಇಂಗುಗುಂಡಿ ತೋಡುವುದೆಂದರೆ ಗುಡ್ಡವನ್ನು ಮನೆ ಮೇಲೆ ಎಳೆದುಕೊಂಡ ಹಾಗೆ.

ಆದ್ದರಿಂದ ಕೆಲಸ ಎರಡು ಭಾಗ ಆಯಿತು. ದರೆಯ ಮೇಲೆ ನೀರು ಇಂಗದ ಹಾಗೆ ಒಂದು ಅಡ್ಡ ಕಾಲುವೆ ಮಾಡಿ ಪಕ್ಕಕ್ಕೆ ತಿರುಗಿಸಿದೆವು. ನೆಟ್ಟಗಿದ್ದ ದರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಸರಿಸಿ, ಗಾರೆ ಹಾಕದೆ ಜಂಬಿಟ್ಟಿಗೆ ಜೋಡಿಸಿ ಕಟ್ಟಿದೆವು, ಹಿಂದೆ ಜಲ್ಲಿ ತುಂಬಿದೆವು. ಒಳಗಿನ ನೀರು ಸಂದಿಯಲ್ಲಿ ಹೊರಗೆ ಬರಬೇಕು. ದೊಡ್ಡ ಮಗ ಮೊದಲು ಕಾಂಕ್ರೀಟ್ ತಡೆಗೋಡೆ ಅಂದಿದ್ದರು. ನೀರು ಹೊರಬರಲು ತೂತಿಲ್ಲದ ಕಾಂಕ್ರೀಟ್ ಗೋಡೆ ಮಲೆನಾಡಿನಲ್ಲಿ ಹೇಗೆ ಬೀಳುತ್ತದೆ ಅಂತ ಪಕ್ಕದ ಊರಲ್ಲೇ ತೋರಿಸಬಹುದಿತ್ತು, ತೋರಿಸಿದೆ. ಮೆಟ್ಟಿಲುಗಳ ಮೇಲೆ ಲಾವಂಚ ನೆಟ್ಟೆವು. ಅದರ ಬೇರು ನೆಟ್ಟಗೆ ಮೂರು ಮೀಟರ್‌ವರೆಗೂ ಇಳಿಯುತ್ತದೆ.

ತಿರುಗಿಸಿದ ನೀರನ್ನು ಬ್ಯಾಣದ ಇನ್ನೊಂದು ಬದಿಗೆ, ಇಳಿಜಾರು ಕಡಿಮೆ ಇರುವ, ಮನೆಯಿಂದ ದೂರದ ಜಾಗಕ್ಕೆ ಒಯ್ದು ಅಲ್ಲಿ ಸಮಮಟ್ಟದ ತೋಡುಗಳಲ್ಲಿ ಇಂಗಿಸಿದೆವು. ಸಿಮೆಂಟ್ ಅಂಗಳ ಒಡೆದು ಕೆಮ್ಮಣ್ಣು, ಜಲ್ಲಿ ಹಾಕಿ ಬಡಿದೆವು. ಮಾಡಿನ ನೀರು ಮೊದಲ ಮಳೆಯ ಕೊಳೆ ಹೋದ ಮೇಲೆ ಮರಳು, ಇದ್ದಿಲು, ಜಲ್ಲಿಯ ತೊಟ್ಟಿ ದಾಟಿ ಬಾವಿಗೆ ಹೋಗುತ್ತದೆ. ಬಚ್ಚಲು ನೀರು ಬಾಳೆಗೆ, ಕೆಸುವಿಗೆ. ಇದರಲ್ಲಿ ಹೊಸದೇನೂ ಇಲ್ಲ, ಮಲೆನಾಡಿನ ಎಲ್ಲ ಹಿತ್ತಿಲಲ್ಲೂ ಇದ್ದದ್ದೇ.

ಮನೆ

ಆರ್‌ಸಿಸಿ ಮನೆ ಕೆಡವಿ ಮಣ್ಣಿನ ಮನೆ ಕಟ್ಟೋಣ ಅಂತ ಬೆಂಗಳೂರಿನ ಮಗ ಹೇಳಿದರು. ನಾನು ಒಪ್ಪಲಿಲ್ಲ. ಜಗತ್ತಿನ ಇಂಗಾಲದ ಹೊಗೆಯಲ್ಲಿ ಸುಮಾರು ಶೇ 8ರಷ್ಟು ಸಿಮೆಂಟ್ ತಯಾರಿಕೆಯದ್ದೇ. ಆ ಹೊಗೆ ಹೋಗಿ ಆಗಿದೆ. ಗಟ್ಟಿಯಾಗಿರುವ ಮನೆಯನ್ನು ಒಡೆದು ಗುಡ್ಡೆ ಹಾಕಿದರೆ ಆ ಕಸ ಹೋಗುವುದು ಯಾವುದೋ ಹಳ್ಳಕ್ಕೆ. ಇರುವ ಮನೆಯನ್ನೇ ಸರಿ ಮಾಡಬೇಕು, ಅದು ನನ್ನ ಖಚಿತ ಅಭಿಪ್ರಾಯ.

ಮೊದಲು ತಗಡಿನ ಶೀಟು ತೆಗೆದೆವು. ಬ್ಯಾಣದ ಅಕೇಶಿಯಾವನ್ನು, ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡು, ಕಡಿದು ಕೊಯ್ಯಿಸಿ, ನೆರಳಲ್ಲಿ ಒಣಗಿಸಿ, ಹುಳ ಹತ್ತದ ಹಾಗೆ ಬೋರಾಕ್ಸ್, ಬೋರಿಕ್ ನೀರಲ್ಲಿ ಅದ್ದಿ, ಹೆಂಚು ಹೊರುವ ಪಕಾಸಿ ರೀಪು ಮಾಡಿದೆವು. ಗಟ್ಟಿ ಮರ ಅದು. ಬಿದ್ದ ಮನೆಯ ಮಂಗಳೂರು ಹೆಂಚು ಮುಕ್ಕಾಲು ಪಾಲು ಚೆನ್ನಾಗಿತ್ತು, ತೊಳೆದು ಹೊದಿಸಿದೆವು. ತಾರಸಿಗೂ ಹೆಂಚಿಗೂ ನಡುವೆ ಈಗ ಗಾಳಿಯಾಡುವ ಅಟ್ಟ ಇದೆ, ಮೋಡ ಕವಿದ ದಿನ ಅಡಿಕೆ ಹರಡಲು ಅದೇ ಜಾಗ. ಬಿಸಿಲು ತಾರಸಿಯ ಮೇಲೆ ಬೀಳುವುದೇ ಇಲ್ಲ. "ಮಂಗ ಹೆಂಚು ಒಡೆಯುತ್ತೆ, ಅದಕ್ಕೇ ಅಲ್ವಾ ಎಲ್ಲರೂ ಶೀಟು ಹಾಕಿದ್ದು?" ಅಂತ ದೊಡ್ಡ ಮಗ ಕೇಳಿದರು. ಸರಿಯಾದ ಪ್ರಶ್ನೆ. ಕೆಳಗೆ ತಾರಸಿ ಇರುವುದರಿಂದ ಒಂದೆರಡು ಹೆಂಚು ಒಡೆದರೂ ನೀರು ಸೀದಾ ಒಳಗೆ ಬೀಳುವುದಿಲ್ಲ. ಉಳಿದ ಹೆಂಚು ಹಿತ್ತಿಲಲ್ಲಿ ಪೇರಿಸಿ ಇಟ್ಟಿದ್ದಾರೆ, ಒಡೆದಾಗ ಬದಲಿಸುತ್ತಾರೆ.

ಸೂರನ್ನು ಮೂರೂವರೆ ಅಡಿ ಹೊರಗೆ ಚಾಚಿದೆವು. ಮಲೆನಾಡಿನಲ್ಲಿ ಮನೆ ಉಳಿಯುವುದು ಸೂರಿನಿಂದ. ಹೊಸ ಮನೆಗಳ ಸೂರು ಒಂದಡಿಯೂ ಇರುವುದಿಲ್ಲ, ಆಮೇಲೆ ಗೋಡೆಗೆ ಬಳಿಯಲು ಡಬ್ಬ ಡಬ್ಬ ಪೇಂಟು ತರುತ್ತಾರೆ.

ಬೂಷ್ಟಿನ ಕಾರಣ ಪೇಂಟೇ ಆಗಿತ್ತು. ಗೋಡೆ ಜಂಬಿಟ್ಟಿಗೆಯದು, ಅದು ತೇವ ಎಳೆದುಕೊಳ್ಳುತ್ತದೆ, ಬಿಡುತ್ತದೆ. ಹೊರಗೆ ಒಳಗೆ ಸಿಮೆಂಟ್ ಗಿಲಾವು ಮಾಡಿ ಪ್ಲಾಸ್ಟಿಕ್ ಪೇಂಟು ಬಳಿದರೆ ಎಳೆದುಕೊಂಡ ತೇವ ಒಳಗೇ ಸಿಕ್ಕಿಬೀಳುತ್ತದೆ. ಒಳಗಿನ ಗಿಲಾವು ಕೆತ್ತಿ ತೆಗೆದು ಸುಣ್ಣದ ಗಾರೆ ಮಾಡಿದೆವು. ಸಿಮೆಂಟಿಗೆ ಸುಮಾರು 1,450 ಡಿಗ್ರಿ ಬೆಂಕಿ ಬೇಕು, ಸುಣ್ಣಕ್ಕೆ 900ರ ಆಸುಪಾಸು ಸಾಕು. ಸುಡುವಾಗ ಬಿಟ್ಟ ಇಂಗಾಲದ ಗಾಳಿಯಲ್ಲಿ ಒಂದಷ್ಟನ್ನು ಗೋಡೆಯ ಮೇಲೆ ಕೂತು ಗಟ್ಟಿಯಾಗುವಾಗ ಸುಣ್ಣ ವಾಪಸ್ ಎಳೆದುಕೊಳ್ಳುತ್ತದೆ. ಸುಣ್ಣದ ಮೇಲೆ ಬೂಷ್ಟೂ ಸುಲಭಕ್ಕೆ ಹತ್ತುವುದಿಲ್ಲ. ಇನ್ನೊಂದು ಕಾರಣ, ಒಲೆ ಹೋದದ್ದು. ಹಿಂದೆ ಒಲೆಯ ಬಿಸಿ, ಹೊಗೆ ಮಳೆಗಾಲವೆಲ್ಲ ಮಾಡನ್ನು ಒಣಗಿಸಿ ಇಡುತ್ತಿತ್ತು, ಅದರ ಬೆಲೆಯನ್ನು ಹೆಂಗಸರ ಕಣ್ಣು, ಎದೆ ಕೊಟ್ಟವು. ಅಡಿಗೆಗೆ ಗ್ಯಾಸ್ ಹಾಗೇ ಇರಲಿ ಅಂದೆವು. ಬಚ್ಚಲ ಹಂಡೆಗೆ ಮಾತ್ರ ಅಸ್ತ್ರ ಒಲೆಯ ಕ್ರಮದಲ್ಲಿ ಕೊಳವೆ ಇಟ್ಟ ಒಲೆ ಹಾಕಿ, ಬಿಸಿ ಕೊಳವೆಯನ್ನು ನಡುಮನೆಯ ಗೋಡೆಗೆ ತಾಗಿಸಿ ಮೇಲಕ್ಕೆ ಒಯ್ದೆವು. ಹೊಗೆ ಹೊರಗೆ ಹೋಗುತ್ತದೆ, ಬಿಸಿ ಗೋಡೆಯಲ್ಲಿ ಉಳಿಯುತ್ತದೆ. ಅಸ್ತ್ರ ಅಂದರೆ 1974ರಲ್ಲಿ ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ ಶುರು ಮಾಡಿದ ಕೇಂದ್ರ. ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಕರ್ನಾಟಕದಲ್ಲಿ ಹರಡಿದ್ದರಲ್ಲೂ ಅವರ ಪಾಲು ದೊಡ್ಡದು.

ಆ ಇಟ್ಟಿಗೆಯೇ ಜಗಲಿಗೆ ಬೇಕಾಯಿತು. ಬಿದ್ದ ಮನೆಯ ಗೋಡೆಯ ಮಣ್ಣು ಒಳ್ಳೆ ಕೆಮ್ಮಣ್ಣು. ಜರಡಿ ಹಿಡಿದು, ಕ್ರಷರ್ ಪುಡಿ ಸೇರಿಸಿ, ನೂರಕ್ಕೆ ಏಳರಷ್ಟು ಸಿಮೆಂಟ್ ಹಾಕಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೆನೆಸಿದೆವು. ದರೆಯ ಶೇಡಿ ಮಣ್ಣನ್ನೂ ಬಳಸಬಹುದಲ್ಲ ಅಂತ ಕೆಲಸದವರು ಕೇಳಿದರು. ಅದು ಇಟ್ಟಿಗೆಗೆ ಆಗುವುದಿಲ್ಲ, ಮಳೆ ತಾಗಿದರೆ ಬಿಟ್ಟುಕೊಳ್ಳುತ್ತದೆ. ಅಜ್ಜಿಯ ಹಿರಿಯರು ತುಳಿದ ಮಣ್ಣಲ್ಲೇ ಮನೆಯ ಮೂರು ಬದಿಗೂ ಜಗಲಿ ಎದ್ದಿತು. ಸೂರಿನ ಅಡಿ, ಅರ್ಧ ಎತ್ತರದ ಗೋಡೆ, ಮೇಲೆ ಮರದ ಜಾಲರಿ.

ಕೆಲಸ ಯಾರದು?

ಜಗಲಿಯ ನೆಲಕ್ಕೆ ಸಗಣಿ ಸಾರಿಸಿದ ಮಣ್ಣು ಹಾಕೋಣ ಅಂತ ಬೆಂಗಳೂರಿನ ಮಗ ಹೇಳಿದಾಗ ಸೊಸೆ ಎದ್ದು ನಿಂತರು. "ಸಾರಿಸೋದು ಯಾರು? ನೀವು ವಾರಕ್ಕೊಂದು ಸಲ ಬರ್ತೀರಾ?"

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಮಾತು ಅದು. ಮನೆಗೆ ಗುಡ್ಡದ ಹಂಗು ಇರಬೇಕು, ಹಂಗಿನಿಂದ ಕೆಲಸ ಬರುತ್ತದೆ, ಕೆಲಸದಿಂದ ಸಂಬಂಧ ಉಳಿಯುತ್ತದೆ ಅಂತ ನಾನು ಹೇಳುತ್ತೇನೆ. ಆದರೆ ಹಳೇ ಮನೆಯಲ್ಲಿ ಆ ಕೆಲಸದ ಮುಕ್ಕಾಲು ಪಾಲು ಹೆಂಗಸರ ಸೊಂಟದ ಮೇಲೆ ಬೀಳುತ್ತಿತ್ತು. ನೆಲ ಸಾರಿಸುವುದು, ನೀರು ಹೊರುವುದು, ದರಲೆ ಹೊರುವುದು, ಹೊಗೆಯಲ್ಲಿ ಬೇಯಿಸುವುದು. ಸಿಮೆಂಟ್ ಮನೆ ಬಂದಾಗ ಅವರಿಗೆ ಬಿಡುಗಡೆ ಸಿಕ್ಕಿತು. ಹಳೇ ಮನೆಯ ಚೆಂದ ಹಾಡುವವರು ಬಹಳ ಸಲ ಆ ಕೆಲಸ ಮಾಡಿದವರಲ್ಲ. ಪ್ರಕೃತಿಗೆ ಮರಳುವುದು ಅಂದರೆ ಹೆಂಗಸರು ಮತ್ತೆ ನೆಲಕ್ಕೆ ಬಗ್ಗುವುದು ಅಂತಾದರೆ ಅದು ನನಗೆ ಬೇಡ.

ನೆಲಕ್ಕೆ ರೆಡ್‌ಆಕ್ಸೈಡ್ ಹಾಕಿದೆವು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಎರಡು ಕೋಣೆಯಲ್ಲಿ ಟೈಲ್ಸ್ ಇತ್ತು, ಅದು ಹಾಗೇ ಇದೆ. ಆಮೇಲೆ ಮನೆಯವರೆಲ್ಲ ಕೂತು ವರ್ಷದಲ್ಲಿ ಈ ಮನೆಗೆ ಬೇಕಾದ ಕೆಲಸಗಳನ್ನು ಮಾತಾಡಿಕೊಂಡರು. ಮೇ ತಿಂಗಳಲ್ಲಿ ನೈಋತ್ಯದ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ಅಣ್ಣತಮ್ಮಂದಿರ ಪಾಲಿಗೆ. ಅದಕ್ಕೆ ಚಿಕ್ಕವರು ಬೆಂಗಳೂರಿನಿಂದ ರಜೆ ಹಾಕಿ ಬರಬೇಕು ಅಂತ ಅತ್ತಿಗೆಯದೇ ಷರತ್ತು. ಬಂದರು. ತೋಡಿನ ಹೂಳು ತೆಗೆಯುವುದು ಗಂಡಸರದ್ದು. ನೀರಿನ ಸೋಸು ತೊಟ್ಟಿ ತೊಳೆಯುವುದು ದೊಡ್ಡ ಮೊಮ್ಮಗಳದ್ದು, ಅವಳೇ ಕೇಳಿ ತೆಗೆದುಕೊಂಡಳು. ದರಲೆ ಹೊರುವುದನ್ನು ಬಹಳ ಕಡಿಮೆ ಮಾಡಿದ್ದಾರೆ. ತೋಟದ ಸೋಗೆ, ಹಾಳೆಯನ್ನೇ ಕತ್ತರಿಸಿ ಮುಚ್ಚಿಗೆ ಹಾಕುತ್ತಾರೆ, ಉಣುಗಿನ ಕಾಲದಲ್ಲಿ ಅದು ಒಳ್ಳೆಯದೂ ಹೌದು.

ಅಜ್ಜಿ ಪಾಲಿಗೆ ಯಾರೂ ಏನೂ ಕೊಡಲಿಲ್ಲ. ಅವರೇ ಒಂದು ತೆಗೆದುಕೊಂಡರು. ಇವರು ದೀವರ ಸಮುದಾಯದವರು, ಗೋಡೆಗೆ ಹಸೆ ಚಿತ್ತಾರ ಬರೆಯುವ ಮನೆತನ. ಸಿಮೆಂಟ್ ಮನೆಗೆ ಬಂದ ಮೇಲೆ ಗೋಡೆಗೆ ಬರೆಯುವುದನ್ನು ಬಿಟ್ಟಿದ್ದರು, ಪ್ಲಾಸ್ಟಿಕ್ ಪೇಂಟಿನ ಮೇಲೆ ಕೆಮ್ಮಣ್ಣು ನಿಲ್ಲುವುದಿಲ್ಲ. ಜಗಲಿಯ ಒಂದು ಗೋಡೆಗೆ ಗಿಲಾವು ಬೇಡ, ಮಣ್ಣು ಮೆತ್ತಿ ಕೊಡಿ ಅಂದರು. ಚಿತ್ತಾರದ ಬಿಳಿ ಅಕ್ಕಿಯಿಂದ, ಕಪ್ಪು ಹುರಿದ ಅಕ್ಕಿಯಿಂದ, ಕೆಂಪು ಕೆಮ್ಮಣ್ಣಿನಿಂದ, ಹಳದಿ ಗುರಿಗೆ ಕಾಯಿಯಿಂದ, ಕುಂಚ ಪುಂಡಿ ನಾರಿನಿಂದ. ಗುರಿಗೆ ಎಲ್ಲಿ ಸಿಗುತ್ತದೆ ಅಂತ ಹುಡುಕಲು ಮೊಮ್ಮಕ್ಕಳನ್ನು ಕಳಿಸಿದರು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಚಿತ್ತಾರ ಬರೆದರು. ಅವತ್ತಿನ ಹಚ್ಚಂಬಲಿ ಎಂಬ ಸೊಪ್ಪಿನ ಅಡಿಗೆಗೆ ಬಗೆಬಗೆಯ ಸೊಪ್ಪು ಬೇಕು. ಅದು ಮಳೆ ಕಳೆದ ಹೊಸತು, ಉಣುಗಿನ ಭಯ ಶುರುವಾಗುವ ಮೊದಲಿನ ಕಾಲ. ಅಜ್ಜಿ ಜಗಲಿಯಲ್ಲಿ ಕೂತು ಹೆಸರು ಹೇಳುವುದು, ಮಕ್ಕಳು ಬ್ಯಾಣದ ಅಂಚಿನಿಂದ ಕಿತ್ತು ತರುವುದು, ತಪ್ಪಾದರೆ ವಾಪಸ್ ಕಳಿಸುವುದು. ಇದನ್ನು ನಾನು ನಕ್ಷೆಯಲ್ಲಿ ಬರೆದಿರಲಿಲ್ಲ. ನಕ್ಷೆ ಮಾಡಿದ್ದು ಮಣ್ಣು ಹಿಡಿಯುವ ಒಂದು ಗೋಡೆ, ಆ ಗೋಡೆಯಿಂದ ಕಾಣುವ ಒಂದು ಸುರಕ್ಷಿತ ಅಂಚು, ಅಷ್ಟನ್ನೇ.

ಈಗ ಹೇಗಿದೆ

ಏಪ್ರಿಲ್‌ನಲ್ಲಿ ಫ್ಯಾನ್ ಸಾಕಾಗುತ್ತದೆ, ಎಸಿ ಮಾತು ಬಂದಿಲ್ಲ. ಬೂಷ್ಟು ಉತ್ತರದ ಕೋಣೆಯ ಒಂದು ಮೂಲೆಯಲ್ಲಿ ಇನ್ನೂ ಬರುತ್ತದೆ, ಅಲ್ಲಿಗೆ ಒಲೆಯ ಬಿಸಿ ತಲುಪುವುದಿಲ್ಲ. ಬಾವಿ ಕಳೆದ ಬೇಸಿಗೆಯಲ್ಲಿ ಮೇವರೆಗೆ ಬಂತು, ಬೋರ್‌ವೆಲ್ ಕೊರೆಸಲಿಲ್ಲ. ಒಂದು ವರ್ಷದ ಬಾವಿ ನೋಡಿ ಗೆದ್ದೆವು ಅನ್ನಬಾರದು, ಮಳೆ ಕೈಕೊಟ್ಟ ವರ್ಷದಲ್ಲೂ ನಿಲ್ಲಬೇಕು. ಅಕೇಶಿಯಾ ಕಡಿದ ಜಾಗದಲ್ಲಿ ನೇರಳೆ, ಮುರುಗಲು, ಉಪ್ಪಾಗೆ, ಹಲಸು, ಮತ್ತಿ, ಅಪ್ಪೆಮಿಡಿ ನೆಟ್ಟಿದ್ದಾರೆ. ಅದಕ್ಕಿಂತ ಖುಷಿ ಕೊಟ್ಟದ್ದು, ನೆಡದೇ ತಾವಾಗಿ ಎದ್ದ ಕಾಡುಗಿಡಗಳು. ಅಕೇಶಿಯಾ ಸಸಿಯೂ ಜೊತೆಗೇ ಏಳುತ್ತದೆ, ಪ್ರತಿ ಮಳೆಗಾಲ ಕೀಳಬೇಕು. ಕೀಳುವುದು ಮಕ್ಕಳ ಕೆಲಸ, ಒಂದು ಸಸಿಗೆ ಇಷ್ಟು ಅಂತ ಅಪ್ಪನ ಹತ್ತಿರ ಕಾಸು ವಸೂಲಿ ಮಾಡುತ್ತಾರೆ.

ಖರ್ಚಿನ ಬಗ್ಗೆ ಕೇಳುವವರು ಬಹಳ. ಸಾಮಾನಿಗೆ ಕಡಿಮೆ, ಕೂಲಿಗೆ ಜಾಸ್ತಿ. ಒಟ್ಟಿನಲ್ಲಿ ಅಗ್ಗ ಅಂತ ನಾನು ಯಾರಿಗೂ ಹೇಳುವುದಿಲ್ಲ. ದುಡ್ಡು ಊರಲ್ಲೇ ಉಳಿಯಿತು, ಅದು ನಿಜ. ಕಷ್ಟ ಇರುವುದು ಕೆಲಸದವರದ್ದು. ಕಟ್ಟಡದ ಕಾಲ ದೀಪಾವಳಿಯಿಂದ ಮೇವರೆಗೆ, ಅಡಿಕೆ ಕೊಯ್ಲೂ ಅದರ ಮೊದಲರ್ಧದಲ್ಲೇ, ಆಳು ಸಿಗುವುದಿಲ್ಲ. ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿಗಳು ವಯಸ್ಸಾದವರು. ಈ ಮನೆಯಲ್ಲಿ ಕಲಿತ ಇಬ್ಬರು ಹುಡುಗರು ಈಗ ಬೇರೆ ಕಡೆ ಸುಣ್ಣದ ಕೆಲಸ ಹಿಡಿದಿದ್ದಾರೆ.

ಚಿಕ್ಕ ಮಗನಿಗೆ ಈಗ ಇದನ್ನು ಹೋಂಸ್ಟೇ ಮಾಡುವ ಯೋಚನೆ ಬಂದಿದೆ. ಅತ್ತಿಗೆ ಇನ್ನೂ ಒಪ್ಪಿಲ್ಲ, ನಾನೂ ಅವರ ಕಡೆಗೇ ಇದ್ದೇನೆ. ಬಾವಿಯ ನೀರು ಒಂದು ಮನೆಗೆ ಲೆಕ್ಕ ಹಾಕಿದ್ದು. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ಪಾಯಿಖಾನೆ ಗುಂಡಿ ಬಾವಿಗೆ ತೀರಾ ಹತ್ತಿರ ಇದೆ. ನಾವು ಬಾವಿಯ ಸುತ್ತ ನೀರು ಇಂಗಿಸಲು ಶುರು ಮಾಡಿದ ಮೇಲೆ ಅದು ಅಲ್ಲಿರುವುದು ಇನ್ನೂ ಅಪಾಯ. ಅದನ್ನು ಮುಚ್ಚಿ, ಇಳಿಜಾರಿನ ಕೆಳಗೆ ತೋಟದ ಕಡೆ ಜೋಡಿ ಗುಂಡಿ ತೋಡಬೇಕು. ಜಾಗ ಗುರುತು ಮಾಡಿ ಆಗಿದೆ. ಅಲ್ಲಿಯವರೆಗೆ ಕುಡಿಯುವ ನೀರನ್ನು ಕಾಯಿಸಿ ಆರಿಸಿಯೇ ಕುಡಿಯುತ್ತಿದ್ದಾರೆ. ಕೊಯ್ಲು ಮುಗಿದು ಆಳು ಸಿಕ್ಕ ಕೂಡಲೇ ಆ ಕೆಲಸ ಶುರುವಾಗುತ್ತದೆ.